ನಲವತ್ತೊಂದನೇ ಬಂದೂಕು

ಜರ್ಮನಿಯ ಬೊಬ್ಲಿಂಗೆನ್ನಿನಲ್ಲಿ ಶನಿವಾರ ಮಧ್ಯಾಹ್ನ ಸೇರುವ ಆ ಕೂಟಕ್ಕೆ ಇರುವುದು ಒಂದೇ ಕೆಲಸ. ಅರವತ್ತರ ದಶಕದ ಕಪ್ಪು-ಬಿಳುಪು ಯುದ್ಧ ಧಾರಾವಾಹಿಗಳನ್ನು ಗೋಡೆಯ ಮೇಲೆ ಬಿಡುವುದು, ಬಂದೂಕು ಕಂಡಲ್ಲಿ ನಿಲ್ಲಿಸುವುದು, ಅದು ಯಾವುದು, ಅಸಲಿಯೋ ಮರದ್ದೋ ಎಂದು ಪತ್ತೆಹಚ್ಚಿ ದಪ್ಪ ರಿಜಿಸ್ಟರಿನಲ್ಲಿ ಬರೆಯುವುದು. ನಲವತ್ತು ಬಂದೂಕು ಮುಗಿದಿದ್ದವು. ಹೊಸದಾಗಿ ಬಂದವರು ಆರು ವಾರದೊಳಗೆ ಒಂದನ್ನಾದರೂ ಗುರುತಿಸಬೇಕು. ಇಲ್ಲದಿದ್ದರೆ ಕಾಫಿ ಕುಡಿದು ಮನೆಗೆ ಹೋಗುವುದೇ, ಮತ್ತೆ ಬರುವಂತಿಲ್ಲ.

ಭೂಮಿಕಾಳಿಗೆ ಇದು ಆರನೇ ವಾರ. ಕಾರು ಕಂಪನಿಯ ಕೆಲಸಕ್ಕೆಂದು ಬಂದು ಒಂದು ವರ್ಷವಾಗಿದ್ದರೂ ಈ ಊರಿನಲ್ಲಿ ತನ್ನದು ಅನ್ನಿಸಿದ ಕುರ್ಚಿ ಇದೊಂದೇ. ಗುಂಡು ಹಾರುವ ಮುಂಚಿನ ಆ ಒಂದು ಗಳಿಗೆಯ ಮೌನ ಅವಳಿಗೆ ಇಷ್ಟ. ಎರಡು ಸಲ ಉತ್ತರ ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಬೇರೆ ಯಾರೋ ಹೇಳಿಬಿಟ್ಟಿದ್ದರು.

ಇವತ್ತು ಜೊತೆಗೆ, ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ಚಿಕ್ಕಮ್ಮ ಕಾಂತಮ್ಮ. ಕೈಯಲ್ಲಿ ಚಕ್ಕುಲಿ ಡಬ್ಬಿ.

"ಇಷ್ಟು ಜನ ಮುದುಕರು ಸುಳ್ಳು ಬಂದೂಕು ನೋಡೋಕೆ ಸೇರೋದೇನೇ? ನೀನಾದ್ರೂ ಒಂದು ಮಾತಾಡು. ಬಾಯಲ್ಲಿ ಕಡುಬಿಟ್ಕೊಂಡಿದೀಯಾ?"

"ಶ್, ಸುಮ್ನಿರಿ ಚಿಕ್ಕಮ್ಮ."

ಗೋಡೆಯ ಮೇಲೆ ಕಂದಕ, ಕಂದಕದಲ್ಲಿ ಮೆಷಿನ್‌ಗನ್. ಅದರ ಪಕ್ಕಕ್ಕೆ ಸಿಕ್ಕಿಸಿದ ತೂತುತೂತಾದ ಲೋಹದ ಡಬ್ಬಿ, ಡಬ್ಬಿಗೆ ಎರಡು ಉದ್ದ ಹಿಡಿ.

"ಇಟಲಿಯದ್ದು," ಎಂದರು ಒಬ್ಬರು.

"ಕನ್ನಡಕ ಹಾಕ್ಕೊಳ್ಳಿ. ಜೆಕ್ ಮಾಲು ಅದು," ಎಂದರು ರಿಜಿಸ್ಟರ್ ಬರೆಯುವ ರಾಲ್ಫ್.

ಆ ಧಾರಾವಾಹಿಗೆ ಬಂದೂಕುಗಳನ್ನು ಮಾಡಿಕೊಟ್ಟವರೇ, ಎಂಬತ್ತನಾಲ್ಕರ ಹೈಡಿಂಗರ್, ಮೂಲೆಯಲ್ಲಿ ಕೂತು ಮೀಸೆಯೊಳಗೇ ನಗುತ್ತಿದ್ದರು. ಸರಿಯುತ್ತರ ಬರುವವರೆಗೆ ಅವರು ಬಾಯಿ ಬಿಡುವಂತಿರಲಿಲ್ಲ.

ಭೂಮಿಕಾಳ ಕಣ್ಣು ಡಬ್ಬಿಯ ಅಂಚಿನ ಪುಟ್ಟ ಕೊಕ್ಕೆಯ ಮೇಲೆ ನಿಂತಿತು. ಹೋದ ಭಾನುವಾರವಷ್ಟೇ ಅಂಥದ್ದೇ ಕೊಕ್ಕೆಯನ್ನು ತೊಳೆದಿದ್ದಳು. ಇಲ್ಲಿನವರು ಸ್ಪೆಟ್ಸ್ಲೆ ಎಂಬ ಶಾವಿಗೆಯ ಹಿಟ್ಟನ್ನು ಚಕ್ಕುಲಿ ಒರಳಿನಂಥ ಒತ್ತುವ ಒರಳಿಗೆ ತುಂಬಿ, ಕುದಿಯುವ ನೀರಿಗೆ ನೇರವಾಗಿ ಒತ್ತುತ್ತಾರೆ. ಒರಳು ಜಾರದಂತೆ ಪಾತ್ರೆಯಂಚಿಗೆ ಸಿಕ್ಕಿಸಲು ಆ ಕೊಕ್ಕೆ. ಚಿಕ್ಕಮ್ಮ ಭೂಮಿಕಾಳ ಮನೆಯ ಒರಳಿನಲ್ಲಿ ಗಟ್ಟಿ ಚಕ್ಕುಲಿ ಹಿಟ್ಟು ತುರುಕಿ ಹಿಡಿ ಮುರಿದಿದ್ದರು.

ಮೆಷಿನ್‌ಗನ್ನಿಗೆ ಪಾತ್ರೆಯಂಚಿನ ಕೊಕ್ಕೆ ಯಾಕೆ?

ತಪ್ಪಾದರೆ ಎಲ್ಲರೂ ನಗುತ್ತಾರೆ, ಕುರ್ಚಿಯೂ ಹೋಗುತ್ತದೆ. ಸುಮ್ಮನಿದ್ದರೂ ಹೋಗುತ್ತದೆ. ರಾಲ್ಫ್ ಪೆನ್ನಿನ ಮುಚ್ಚಳ ತೆಗೆದರು.

"ಬರೀಬೇಡಿ," ಎಂದಳು ಭೂಮಿಕಾ. ಸ್ವಂತ ದನಿಯೇ ದೊಡ್ಡದಾಗಿ ಕೇಳಿಸಿತು. "ಬಂದೂಕು ಮರದ್ದು. ಪಕ್ಕದಲ್ಲಿರೋದು ಸ್ಪೆಟ್ಸ್ಲೆ ಒರಳು."

ಹುಟ್ಟಿದಾಗಿನಿಂದ ಸ್ಪೆಟ್ಸ್ಲೆ ತಿಂದು ಬೆಳೆದ ಒಂಬತ್ತು ಮಂದಿ ಗೋಡೆಯತ್ತ ಬಗ್ಗಿ ನೋಡಿದರು.

ಮೂಲೆಯಿಂದ ಹೈಡಿಂಗರರ ನಗು ಸ್ಫೋಟಿಸಿತು. "ಐವತ್ತೆಂಟು ವರ್ಷ! ಒಬ್ಬರೂ ಹಿಡೀಲಿಲ್ಲ! ನನ್ನ ಹೆಂಡತಿಯದು ಅದು. ದಯವಿಟ್ಟು ಹೊರಗೆಲ್ಲೂ ಹೇಳಬೇಡಿ, ಒರಳು ಕದ್ದರು ಅಂತ ಅವಳು ಇನ್ನೂ ಪಕ್ಕದ ಮನೆಯವರನ್ನೇ ಬೈತಿದ್ದಾಳೆ."

ನಗು ನಿಲ್ಲಲು ಹೊತ್ತು ಹಿಡಿಯಿತು. ರಾಲ್ಫ್ ಕಣ್ಣೊರೆಸಿಕೊಂಡು ರಿಜಿಸ್ಟರನ್ನು ಭೂಮಿಕಾಳ ಕಡೆ ತಿರುಗಿಸಿ ಪೆನ್ನು ಕೊಟ್ಟರು.

"ಏನಂತೆ?" ಜರ್ಮನ್ ಅರ್ಥವಾಗದ ಚಿಕ್ಕಮ್ಮ ತಿವಿದರು.

"ಅದು ನಾವು ಮುರಿದ್ವಲ್ಲ, ಅಂಥದ್ದೇ ಒರಳು."

"ಅಯ್ಯೋ, ನಾನು ಆಗ್ಲೇ ನೋಡ್ದೆ!"

"ಮತ್ತೆ ಹೇಳೋದಲ್ವಾ?"

"ನೀನೇ ‘ಸುಮ್ನಿರಿ’ ಅಂದ್ಯಲ್ಲೇ."

ಭೂಮಿಕಾ ನಗು ತಡೆಯಲಾರದೆ ನಲವತ್ತೊಂದನೇ ಸಾಲು ಬರೆದಳು. ಅಷ್ಟರಲ್ಲಿ ಚಕ್ಕುಲಿ ಡಬ್ಬಿ ಮೊದಲ ಸಾಲಿನ ಕುರ್ಚಿಗಳನ್ನು ದಾಟಿ ಹೋಗಿತ್ತು.