ಪಿಸುಮಾತಕ್ಕ ಮತ್ತು ಹಳೆಯ ಕಂಪ್ಯೂಟರು

ನೇಯ್ಗೆ ಕಾರ್ಖಾನೆಯವರು ಒಬ್ಬ ಮನುಷ್ಯನ ಎರಡು ಕಿವಿಗಳ ಪರಿಹಾರವನ್ನು ಇನ್ನೂ ಕೊಟ್ಟಿಲ್ಲ. ಇನ್ನು ಕೊಡುವುದೂ ಇಲ್ಲ. ಉಳಿದವರಿಗೆಲ್ಲ ಹಲ್ಲು ಕಚ್ಚಿಕೊಂಡು ಕೊಟ್ಟರು, ಇವನೊಬ್ಬನದು ಬಾಕಿ ನಿಂತಿತು. ಅದು ನಿಂತದ್ದಕ್ಕೆ ಕಾರ್ಖಾನೆ ಎಷ್ಟು ಕಾರಣವೋ ಅವನ ಒಡಹುಟ್ಟಿದ ಅಕ್ಕನೂ ಅಷ್ಟೇ ಕಾರಣ. ನಮ್ಮ ನೇಕಾರರ ಸಂಘದ ಚಿಕಿತ್ಸಾಲಯದಲ್ಲಿ ಕಿವಿ ಪರೀಕ್ಷೆ ಮಾಡುವ ಆ ಹೆಂಗಸಿನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಹೊಗಳುವುದಕ್ಕಲ್ಲ. ಹೊಗಳಿದರೆ ಆಕೆಗೆ ಸಿಟ್ಟು ಬರುತ್ತದೆ.

ಆಕೆ ಯಾರೊಂದಿಗೂ ಎದುರು ನಿಂತು ಮಾತು ಆರಂಭಿಸಿದ್ದನ್ನು ನಾನು ಕಂಡಿಲ್ಲ. ಬೆನ್ನ ಹಿಂದಿನಿಂದ, ರಬ್ಬರ್ ಅಟ್ಟೆಯ ಚಪ್ಪಲಿಯಲ್ಲಿ ಸದ್ದಿಲ್ಲದೆ ಬಂದು, ತುಟಿಯಷ್ಟೇ ಅಲುಗುವಂತೆ ಏನನ್ನಾದರೂ ಉಸುರುತ್ತಿದ್ದಳು: "ನಿಮ್ಮ ಅಂಗಿ ಹಿಂದೆ ಹರಿದಿದೆ." ಮನುಷ್ಯ ತಿರುಗಿದನೋ, ಅವನನ್ನು ಅಲ್ಲಿಗೇ ಬಿಟ್ಟು ಮುಂದೆ ಹೋದಳು. ತಿರುಗಲಿಲ್ಲವೋ, ಭುಜ ಹಿಡಿದು ಕರೆದೊಯ್ದು, ಹೊರಗಿನ ಸದ್ದು ಹೊಗದ ಪರೀಕ್ಷೆಯ ಗೂಡಿನಲ್ಲಿ ಕೂರಿಸಿದಳು. ನೇಕಾರರು ಇಟ್ಟ ಹೆಸರು ಪಿಸುಮಾತಕ್ಕ. ಪೂರ್ತಿ ಕಿವುಡಾಗಿದ್ದೇನೆ ಎಂದು ಪರಿಹಾರಕ್ಕೆ ಬಂದಿದ್ದ ಒಬ್ಬ ಮೇಸ್ತ್ರಿಯ ಹಿಂದೆ ನಿಂತು ಆಕೆ, "ನಿಮ್ಮ ಹೆಂಡ್ತಿ ಬಾಗಿಲಲ್ಲಿ ನಿಂತಿದ್ದಾರೆ" ಎಂದು ಗಾಳಿಗೆ ಹೇಳಿದಂತೆ ಹೇಳಿದ್ದಳು. ಮೇಸ್ತ್ರಿ ಸಿಗರೇಟನ್ನು ಕಾಲಡಿ ಹೊಸಕಿದ. ಅಲ್ಲಿಗೆ ಅವನ ಅರ್ಜಿಯೂ ಹೊಸಕಿಹೋಯಿತು.

ಗಂಡಸರ ಅಳತೆಯ ಬೂದು ಕೋಟು, ಅದರ ಎದೆಜೇಬಿನಲ್ಲಿ ಪರೀಕ್ಷೆಯ ನಕ್ಷೆಯ ಬಲಗಿವಿಯ ಗೆರೆಗೆ ಕೆಂಪು, ಎಡಗಿವಿಯ ಗೆರೆಗೆ ನೀಲಿ ಪೆನ್ಸಿಲು; ಯಾವ ಮಾತಿನ ಕೊನೆಗೂ "ಕೇಳಿಸ್ತಾ?" ಎಂಬ ಒಂದು ಬಾಲ. ಮನೆಯಲ್ಲಿ ಅನ್ನ ಬಡಿಸುವಾಗಲೂ ಕೇಳಿಸ್ತಾ, ಪೊಲೀಸರ ಮುಂದೆಯೂ ಕೇಳಿಸ್ತಾ. ಪರೀಕ್ಷೆಯ ಕೋಣೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತದೆಂದು ಅದರ ಬ್ಯಾಟರಿಯನ್ನು ಕಿತ್ತಿಟ್ಟಿದ್ದಳು. ಓಡುವ ಗಡಿಯಾರ ತಂದು ನೇತುಹಾಕಿದ ಸಂಘದ ಅಧ್ಯಕ್ಷರಿಗೆ ಅದನ್ನೇ ಕೈಗಿತ್ತು ಕಳಿಸಿದಳು. ಮೌನವೆಂಬುದು ಆಕೆಗೆ ಧ್ಯಾನವೂ ಅಲ್ಲ, ಶಾಂತಿಯೂ ಅಲ್ಲ, ಬಡಗಿಗೆ ಮಟ್ಟಗೋಲು ಹೇಗೋ ಹಾಗೆ ಕೆಲಸದ ಒಂದು ಸಲಕರಣೆ.

ಆ ಮೌನದ ಗೂಡಿನ ಹೊರಗೆ ಒಂದು ಮೇಜಿನ ಮೇಲೆ ಕಂಪ್ಯೂಟರು ಕೂತಿತ್ತು. ದಪ್ಪ ಬೆನ್ನಿನ ಪರದೆ, ಹಳದಿಗಟ್ಟಿದ ಕೀಲಿಮಣೆ, ಆರಂಭಿಸಿದರೆ ಒಬ್ಬರು ಚಹಾ ಕುಡಿದು ಲೋಟ ತೊಳೆದಿಡುವಷ್ಟು ಹೊತ್ತಿನ ಗುರುಗುರು. ಕಾರ್ಖಾನೆಯವರು ಹೊಸ ವೇಗದ ಮಗ್ಗಗಳನ್ನು ತಂದ ವರ್ಷ, ಮುಷ್ಕರದ ನಡುವೆ, ಒಬ್ಬೊಬ್ಬ ನೇಕಾರನೂ ಒಂದು ದಿನದ ಕೂಲಿ ಹಾಕಿ ಕೊಂಡದ್ದು ಅದು. ಮಗ್ಗಗಳು ಓಡುವ ಮುಂಚೆಯೇ ಆಕೆ ಎಲ್ಲರನ್ನೂ ಗೂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ದಳು. ಆಮೇಲೆ ಮಗ್ಗಗಳು ಓಡಿದವು, ಅವುಗಳ ಸದ್ದಿಗೆ ಕಿವಿಗಳು ಹೋದವು. ಪರಿಹಾರ ಮಂಡಳಿಗೆ ಬೇಕಾದದ್ದು ಎರಡು ನಕ್ಷೆ: ಅಂದಿನ ಕಿವಿ, ಇಂದಿನ ಕಿವಿ. ಇಂದಿನದನ್ನು ಯಾವ ಯಂತ್ರದಲ್ಲಾದರೂ ತೆಗೆಯಬಹುದು. ಅಂದಿನದು ಇದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ, ಅದರ ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವಂತೆ. ಆ ತಂತ್ರಾಂಶ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅದರ ಮುದ್ರಣಯಂತ್ರಕ್ಕೆ ಬೇಕಾದ ಶಾಯಿಪಟ್ಟಿ ಎಲ್ಲಿಯೂ ಸಿಗುತ್ತಿರಲಿಲ್ಲ. ಕಂಪ್ಯೂಟರಿನ ಬೆನ್ನಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಬೀಗದ ತುಂಡು ಸಿಕ್ಕಿಸಿದ್ದರೆ ಮಾತ್ರ ಕಡತ ತೆರೆಯುತ್ತಿತ್ತು. ಹೊಸ ಕಂಪ್ಯೂಟರುಗಳಲ್ಲಿ ಅದನ್ನು ಸಿಕ್ಕಿಸಲು ತೂತೇ ಇಲ್ಲ.

ಒಂದು ದಿನ ಪರದೆ ಅರ್ಧದಲ್ಲೇ ನೀಲಿಯಾಗಿ ನಿಂತಿತು. ರಿಪೇರಿಯವನು ಬಂದು ಕಿವಿಗೊಟ್ಟು ಆಲಿಸಿ, "ಅಕ್ಕ, ಡಿಸ್ಕು ಕೆರೀತಿದೆ. ಇವತ್ತೋ ನಾಳೆಯೋ ಅನ್ನೋ ಸ್ಥಿತಿ" ಎಂದ.

"ಇವತ್ತಾ, ನಾಳೆಯಾ? ಒಂದು ಹೇಳು."

"ಅದನ್ನ ಡಾಕ್ಟರೂ ಹೇಳಲ್ಲ ಬಿಡಿ."

"ಡಾಕ್ಟರು ಹಣ ತಗೊಂಡು ಹೇಳಲ್ಲ. ನೀನು ಹಣ ತಗೊಳ್ಳೋ ಮುಂಚೆ ಹೇಳು. ಕೇಳಿಸ್ತಾ?"

ವಿಷಯ ಸಂಘದ ಸಭೆಗೆ ಬಂತು. ನಮ್ಮಲ್ಲಿ ಏನೇ ಆದರೂ ಕೈ ಎತ್ತಿಯೇ ತೀರ್ಮಾನ. ಸಂಘದ ಕಚೇರಿ ಕೆಲಸದ ನನ್ನಂಥ ಹಳಬರಿಗೆ ಅದು ಮುಷ್ಕರದ ಕಂಪ್ಯೂಟರು, ಎದೆಯ ಮೇಲಿನ ಪದಕ; ಬಿಡಲು ಮನಸ್ಸಿರಲಿಲ್ಲ. ನಮ್ಮ ಎಳೆಯ ವಕೀಲನಿಗೆ ಹೊಸದು ಬೇಕಿತ್ತು, ಹಳೆಯ ತಂತ್ರಾಂಶದಲ್ಲಿ ಇಂದಿನ ಪರೀಕ್ಷೆ ಮಾಡಿದರೆ ಎದುರಾಳಿ ನಗುತ್ತಾನೆಂದು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಹಳೇದನ್ನೇ ಇಟ್ಕೊಳ್ಳೋಣ ಅನ್ನೋರು ಕೈ ಎತ್ತಿ" ಎಂದರು. ಸಭಾಂಗಣದ ತುಂಬ ಕೈ. ನಮಗೆ ಸಂತೋಷವಾಯಿತು. ನಿಯಮ ಬಿಡುವಂತಿಲ್ಲವಲ್ಲ, "ಹೊಸದು ತರೋಣ ಅನ್ನೋರು?" ಎಂದರು. ಮತ್ತೆ ಅಷ್ಟೂ ಕೈ, ಈ ಸಲ ಇನ್ನಷ್ಟು ಹುರುಪಿನಿಂದ. ಪ್ರಶ್ನೆ ಯಾರಿಗೂ ಕೇಳಿಸಿರಲಿಲ್ಲ. ಮುಂದಿನ ಸಾಲಿನವನು ಅಧ್ಯಕ್ಷರ ಕೈ ನೋಡಿ ಎತ್ತಿದ್ದ, ಹಿಂದಿನವನು ಮುಂದಿನವನ ಕೈ ನೋಡಿ. ಕಿವುಡರ ಪರ ಹೋರಾಡುವ ಸಂಘ ಕಿವುಡರಿಗೆ ಬಾಯಲ್ಲಿ ಪ್ರಶ್ನೆ ಕೇಳಿ ಮತ ಎಣಿಸಲು ಹೊರಟಿತ್ತು.

ಅಧ್ಯಕ್ಷರ ಬೆನ್ನ ಹಿಂದಿನಿಂದ ಪಿಸುಮಾತು ಬಂತು: "ಇನ್ನೊಂದು ಕೇಳಿಬಿಡಿ ಅಧ್ಯಕ್ಷರೇ, ಎಲ್ಲಾ ಕಾರ್ಖಾನೆಗೇ ಬಿಟ್ಟುಕೊಡೋಣವಾ ಅಂತ. ಅದಕ್ಕೂ ಎತ್ತುತ್ತಾರೆ."

ಅಧ್ಯಕ್ಷರು ಕೈ ಚೆಲ್ಲಿ, "ಹಾಗಾದ್ರೆ ನೀನೇ ನೋಡಮ್ಮ" ಎಂದರು. ತೀರ್ಮಾನ ಆಕೆಯ ತಲೆಗೆ ಬಂದದ್ದು ಹೀಗೆ.

ಆಕೆ ಹೊಸದಕ್ಕೇ ಒಪ್ಪಿದಳು. ಹಳಬರು ಗೊಣಗಿದೆವು. ಆದರೆ ಹೊಸದು ಬಂದರೂ ಹಳೆಯದರೊಳಗಿನ ಕಿವಿಗಳನ್ನು ಹೊರಗೆ ತೆಗೆಯುವುದು ಹೇಗೆ? ಇಡೀ ಡಿಸ್ಕನ್ನು ಒಮ್ಮೆಲೇ ನಕಲು ಮಾಡಹೋದರೆ ಅದು ಅಲ್ಲೇ ಪ್ರಾಣ ಬಿಡುತ್ತದೆ, ಒಂದೊಂದೇ ಕಡತ ತೆಗೆದು ಹೊಸದರ ಭಾಷೆಗೆ ಬದಲಿಸಿ ನೋಡಬೇಕು, ಕೂಡಿಬಂದರೆ ಬಂತು ಎಂದ ರಿಪೇರಿಯವನು. ಕೈಯಲ್ಲಿ ಬರೆದುಕೊಂಡರಾಗದೇ ಎಂದು ಯಾರೋ ಕೇಳಿದ್ದಕ್ಕೆ ವಕೀಲ, ಕೈಬರಹವನ್ನು ಮಂಡಳಿ ಮೂಸಿಯೂ ನೋಡುವುದಿಲ್ಲ ಎಂದುಬಿಟ್ಟ. ನಾವೂ ನಂಬಿದೆವು.

"ಯಾರದ್ದು ಮೊದಲು ತೆಗೀಲಿ?" ಎಂದ ರಿಪೇರಿಯವನು. ಕೋಣೆಯ ತುಂಬ ಜನ.

"ನನ್ನ ತಮ್ಮನದು."

ಬಾಗಿಲ ಬಳಿ ಗುಸುಗುಸು ಎದ್ದಿತು. ಕಿವುಡರ ಗುಸುಗುಸು ಎಂದರೆ ಬೀದಿಗೆ ಕೇಳಿಸುವಂಥದ್ದು. "ನೋಡಿದ್ರಾ, ರಕ್ತ ಸಂಬಂಧ ಎಲ್ಲಿಗೆ ಹೋಗುತ್ತೆ!" ಎಂದ ಒಬ್ಬ ನೂಲು ಸುತ್ತುವವನು. ತಮ್ಮ, ಅದೇ ಕಾರ್ಖಾನೆಯಲ್ಲಿ ಅಕ್ಕನಂತೆಯೇ ಉದ್ದ ಕತ್ತಿನ ನೇಕಾರ, ಹೆಮ್ಮೆಯಿಂದ ಮುಂದೆ ಬಂದು ನಿಂತ. ಆಕೆ ರಿಪೇರಿಯವನಿಗೆ ತೆಗೆ ಎಂದು ಸನ್ನೆ ಮಾಡಿದಳು. ಡಿಸ್ಕು ಕರಕರ ಎಂದಿತು, ಪರದೆ ಒಮ್ಮೆ ಮಿನುಗಿತು, ಕಡತ ಹೊಸದರಲ್ಲಿ ತೆರೆಯಲಿಲ್ಲ. ಹಳೆಯದರಲ್ಲಿ ಹುಡುಕಿದರೆ ತಮ್ಮನ ಹೆಸರಿದ್ದ ಜಾಗ ಖಾಲಿ. ರಿಪೇರಿಯವನು ಬೆವರು ಒರೆಸಿಕೊಂಡು, "ಇನ್ನೊಂದು ಪ್ರಯತ್ನ ಮಾಡೋಣ, ಬೇರೆಯವರದ್ದು ಹಾಕಿ" ಎಂದ.

"ಬೇಡ. ಕೈ ತೆಗಿ" ಎಂದಳು. ಆಮೇಲೆ ನೂಲು ಸುತ್ತುವವನ ಕಡೆ ತಿರುಗಿ, ಅವನಿಗೆ ಕಾಣುವಂತೆ ತುಟಿ ಅಗಲಿಸಿ, "ಹಾಳಾಗಬಹುದು ಅಂತ ಗೊತ್ತಿತ್ತು. ನಿನ್ನ ಕಿವಿ ಪಣಕ್ಕಿಟ್ಟು ಆಡೋಕಾಗುತ್ತಾ? ಕೇಳಿಸ್ತಾ?" ಎಂದಳು. ಅವನು ತಲೆ ತಗ್ಗಿಸಿದ. ತಮ್ಮನಿಗೆ ಏನಾಯಿತೆಂದು ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಅವನು ಆಗಲೂ ನಗುತ್ತ ನಿಂತಿದ್ದ.

ಮರುದಿನ ಆಕೆ ವಕೀಲನನ್ನು ಬಿಟ್ಟು ತಾನೇ ಮಂಡಳಿಯ ಕಚೇರಿಗೆ ಹೋದಳು. ಅಧಿಕಾರಿಯ ಕೋಣೆಗೆ ಬಿಡಲಿಲ್ಲ. ಗುಮಾಸ್ತನ ಕುರ್ಚಿಯ ಹಿಂದೆ ನಿಂತು ಊಟದ ಹೊತ್ತಿನವರೆಗೆ, ಕೈಬರಹ ನಡೆಯುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಉಸುರುತ್ತಲೇ ಇದ್ದಳಂತೆ. ಕೊನೆಗೆ ಅವನು ತಡೆಯಲಾರದೆ ನಿಯಮ ತೆಗೆದು ನೋಡಿದ. ಪರದೆಯನ್ನು ಕಣ್ಣಾರೆ ನೋಡಿ, ಆಯಾ ಕಾರ್ಮಿಕನ ಎದುರಿಗೇ ಪರೀಕ್ಷಕಿ ಬರೆದು, ಇಬ್ಬರೂ ಸಹಿ ಹಾಕಿದ ನಕಲು ನಡೆಯುತ್ತದೆ. ಅಷ್ಟೇ. ವಕೀಲ ಎರಡು ದಿನ ಚಿಕಿತ್ಸಾಲಯದ ಕಡೆ ಬರಲಿಲ್ಲ.

ನಕಲು ಕೆಲಸ ಹಗಲೆಲ್ಲ ನಡೆಯಿತು. ಹೊರಗೆ ಬೆಂಚುಗಳ ಮೇಲೆ ನೇಕಾರರ ಸಾಲು. ಒಳಗೆ ಆಕೆ ಕಂಪ್ಯೂಟರಿಗೆ ಒದ್ದೆ ಬಟ್ಟೆ ಹಾಕಿದ ಟೇಬಲ್ ಫ್ಯಾನಿನ ಗಾಳಿ ಬಿಟ್ಟುಕೊಂಡು, ಚೌಕಳಿ ಹಾಳೆಯ ಮೇಲೆ ಕೆಂಪು ಗೆರೆ, ನೀಲಿ ಗೆರೆ ಎಳೆಯುತ್ತ ಕೂತಿದ್ದಳು. ಗೀಟು ಹಾಕಿದ ಹಾಳೆ ಸಿದ್ಧಮಾಡುವ ಕೆಲಸ ಅಧ್ಯಕ್ಷರಿಗೆ ಮತ್ತು ನನಗೆ. ವಕ್ರವಾದರೆ ಹರಿದು ಮುಖಕ್ಕೇ ಹಿಡಿಯುತ್ತಿದ್ದಳು. ಪೆಟ್ಟಿಗೆ ನಡುನಡುವೆ ನಿಂತಿತು, ತಟ್ಟಿದರೆ ಎದ್ದಿತು. ಎಲ್ಲರದ್ದೂ ಮುಗಿಯಿತು, ಒಬ್ಬನದನ್ನು ಬಿಟ್ಟು.

ಅಂದು ಸಂಜೆ ನಾವು ನಾಲ್ಕಾರು ಜನ ಹಳಬರು ಆಕೆಯ ಮುಂದೆ ಕೂತೆವು. ತಮ್ಮನೂ ಇದ್ದ. ಅವನ ಅಂದಿನ ನಕ್ಷೆ ಆಕೆಗೆ ಬಾಯಿಪಾಠವಾಗಿತ್ತು, ಅದು ಎಲ್ಲರಿಗೂ ಗೊತ್ತು. ಬರೆದುಬಿಡು ಎಂದೆವು. ಜೀವನವಿಡೀ ಸುಳ್ಳು ಲೆಕ್ಕ ತೋರಿಸಿದ ಕಾರ್ಖಾನೆಗೆ ನಿಜವಾದ ಒಂದು ಗೆರೆಯನ್ನು ನೆನಪಿನಿಂದ ಬರೆದುಕೊಟ್ಟರೆ ಯಾವ ಪಾಪ ಎಂದು ನಾನೇ ಕೇಳಿದೆ. ಈಗಲೂ ಹಾಗೆಯೇ ಕೇಳುತ್ತೇನೆ; ನನ್ನ ಅಭಿಪ್ರಾಯ ಬದಲಾಗಿಲ್ಲ.

ತಮ್ಮ ನಗಿಸಲು ನೋಡಿದ. "ಬರೆಯೇ ಅಕ್ಕ. ಪೆನ್ಸಿಲ್ ಸದ್ದು ನಮ್ಮಲ್ಲಿ ಯಾರಿಗೆ ಕೇಳಿಸುತ್ತೆ?"

ನಾವೆಲ್ಲ ನಕ್ಕೆವು. ಆಕೆ ನಗಲಿಲ್ಲ. "ನಿನ್ನ ಗೆರೆ ಕಣ್ಣು ಮುಚ್ಚಿದ್ರೂ ಬರುತ್ತೆ ಕಣೋ. ಆದ್ರೆ ನೋಡಿ ಬರೆದೆ ಅಂತ ಸಹಿ ಹಾಕಬೇಕು. ನೋಡಿಲ್ಲ."

"ನನಗೆ ಇಬ್ಬರು ಮಕ್ಕಳಿದಾರೆ."

"ಅವರೆಲ್ಲರಿಗೂ ಇದಾರೆ. ಈ ಒಂದು ಹಾಳೆ ಸುಳ್ಳು ಅಂತ ಆದ್ರೆ ಮಿಕ್ಕ ಹಾಳೆ ಯಾರು ನಂಬ್ತಾರೆ?"

ಮಂಡಳಿಯ ವಿಚಾರಣೆಯಲ್ಲಿ ಕಾರ್ಖಾನೆಯ ವಕೀಲ ಒಂದೊಂದು ಹಾಳೆಯನ್ನೂ ಎತ್ತಿ, ಇದನ್ನು ನೋಡಿ ಬರೆದದ್ದೇ ಎಂದು ಕೇಳಿದ. ಹೌದು ಎಂದಳು. ಕೊನೆಗೆ, ನಿಮ್ಮ ತಮ್ಮನದು ಎಲ್ಲಿ ಎಂದ. "ಹೋಯ್ತು, ನಾನೇ ಹಾಳು ಮಾಡಿದೆ" ಎಂದಳು. ಆ ಉತ್ತರದಿಂದಲೇ ಉಳಿದವರು ಗೆದ್ದದ್ದು ಎಂದು ನಮ್ಮ ವಕೀಲ ಹೇಳಿಕೊಂಡು ತಿರುಗುತ್ತಾನೆ. ಇರಬಹುದು, ಇಲ್ಲದಿರಬಹುದು. ಗೆದ್ದವರು ಸೇರಿ ತಮ್ಮನಿಗೆ ಏನಾದರೂ ಕೊಡೋಣ ಎಂದು ಒಮ್ಮೆ ಮಾತಾಯಿತು, ಮಾತಾಗಿಯೇ ಉಳಿಯಿತು. ನಮ್ಮವರು ದೇವರುಗಳಲ್ಲ.

ಹಳೆಯ ಪೆಟ್ಟಿಗೆಯನ್ನು ಸಂಘದ ಕಚೇರಿಯ ಗಾಜಿನ ಕಪಾಟಿನಲ್ಲಿ ಇಡಬೇಕೆಂದು ಅಧ್ಯಕ್ಷರು ಹಾರ ತರಿಸಿದ್ದರು. ಅಷ್ಟರಲ್ಲಿ ಆಕೆ ಗುಜರಿಯವನನ್ನು ಕರೆದು ತೂಕಕ್ಕೆ ಹಾಕಿಸಿಬಿಟ್ಟಿದ್ದಳು. "ಇದೇನು ಹುತಾತ್ಮನಾ? ಡಬ್ಬ" ಎಂದಳು. ಹೊಸ ಕಂಪ್ಯೂಟರನ್ನೂ ಆಕೆ ಮೆಚ್ಚಿದ್ದನ್ನು ನಾನು ಕಾಣೆ. ಅದರ ಪರದೆ ತೆಳ್ಳಗಿದೆ, ಬೇಗ ಏಳುತ್ತದೆ, ಅಷ್ಟೇ. ತಮ್ಮ ಈಗಲೂ ವಾರಕ್ಕೊಮ್ಮೆ ಅಕ್ಕನ ಮನೆಗೆ ಊಟಕ್ಕೆ ಬರುತ್ತಾನೆ. ಆದರೆ ಗೋಡೆಗೆ ಮುಖ ಮಾಡಿ ಕೂರುತ್ತಾನೆ, ಆಕೆಯ ತುಟಿ ಕಾಣದಂತೆ. ಕಿವಿ ಹೋದವನಿಗೆ ಸಿಟ್ಟು ತೋರಿಸಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆಕೆ ಬಡಿಸುತ್ತಾಳೆ, ಅವನು ತಿನ್ನುತ್ತಾನೆ, ತಟ್ಟೆ ತೊಳೆದಿಟ್ಟು ಹೋಗುತ್ತಾನೆ.

ಚಳವಳಿಗಳಲ್ಲಿ ನಾನು ಎರಡು ಬಗೆಯವರನ್ನು ಯಥೇಚ್ಛವಾಗಿ ಕಂಡಿದ್ದೇನೆ: ಹಳೆಯದಕ್ಕೆ ಹಾರ ಹಾಕುವವರು, ಹೊಸದಕ್ಕೆ ಬಾಯಿ ಬಿಡುವವರು. ಇವಳಂಥವರು ಅಪರೂಪಕ್ಕೆ ಒಬ್ಬೊಬ್ಬರು ಸಿಗುತ್ತಾರೆ. ವಸ್ತುವಿನ ಮೇಲೆ ಇವರಿಗೆ ಮೋಹವಿಲ್ಲ. ಅದರೊಳಗೆ ಇನ್ನೊಬ್ಬರ ಹಕ್ಕು ಇರುವಷ್ಟು ದಿನ ಅದನ್ನು ಕಾಯುತ್ತಾರೆ, ಹಕ್ಕು ಹೊರಬಂದ ಮೇಲೆ ತಿರುಗಿ ನೋಡುವುದಿಲ್ಲ. ಇಂಥವರೊಡನೆ ಬದುಕುವುದು ಕಷ್ಟ, ಒಡಹುಟ್ಟಿದವರಿಗಂತೂ ಇನ್ನೂ ಕಷ್ಟ. ಇವರಿಲ್ಲದೆ ಯಾವ ಸಂಘವೂ ಒಂದು ಮೊಕದ್ದಮೆಯನ್ನೂ ಗೆದ್ದಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಹಳೆಯ ಕಂಪ್ಯೂಟರು ಬದಲಿಸುವ ಕಾಗದಕ್ಕೆ ಸಹಿ ಹಾಕುವವರು ಇದ್ದೇ ಇರುತ್ತೀರಿ. ಹೊಸದು ತನ್ನಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಎದ್ದು ಹೋಗಿ, ಹಳೆಯದರ ಮುಂದೆ ಕೂತು, ಅದರೊಳಗೆ ಯಾರ್ಯಾರು ಇದ್ದಾರೆಂದು ನೋಡಿ. ತೆಗೆದು ಬದಲಿಸಿ ನೋಡೋಣ ಎಂದು ಯಾರಾದರೂ ಹೇಳಿದರೆ ಮೊದಲು ನಿಮ್ಮ ಮನೆಯವರದನ್ನು ಕೊಡಿ. ಅಷ್ಟು ಧೈರ್ಯ ಬರಲಿಲ್ಲವೋ, ಪೆನ್ನು ಕೆಳಗಿಡಿ.