ಎತ್ತಿ ಹಾಕುವ ಬಾಗಿಲು

ಹೊಲಿಗೆ ಎಲ್ಲೂ ಬಿಟ್ಟಿಲ್ಲ, ಮೂಲೆಯಲ್ಲೂ ಬಿಟ್ಟಿಲ್ಲ, ಅವಳ ಹೆಬ್ಬೆರಳು ಸೀಟಿನ ಅಂಚಿನ ಅಡಿಗೆ ತಾನಾಗಿಯೇ ನುಗ್ಗಿ ತಡವುತ್ತಿದೆ, ಸುಮ್ಮನಿರು ಅಂದರೆ ಕೇಳುವ ಬೆರಳೇ ಅದು, ಮದುವೆಗೆ ಮುಂಚಿನಿಂದ ಮೊನ್ನೆ ಮೊನ್ನೆಯ ತನಕ ಕಾರಿನ ಸೀಟಿಗೆ ಹೊದಿಕೆ ಹೊಲಿದ ಬೆರಳು, ಎಲ್ಲಿ ಕೂತರೂ ಮೊದಲು ಹೊಲಿಗೆ ಹುಡುಕುತ್ತದೆ, ಬಸ್ಸಿನಲ್ಲಿ, ಕಣ್ಣಿನ ಡಾಕ್ಟರ ಕೋಣೆಯಲ್ಲಿ, ಬೀಗರ ಮನೆಯ ಸೋಫಾದಲ್ಲಿ — ಏನಾದ್ರೂ ಬೀಳಿಸ್ಕೊಂಡ್ರಾ ಅಂತ ಬೀಗಿತ್ತಿ ಟಾರ್ಚು ಹಿಡಿದು ಬಂದರಲ್ಲ, ಅಯ್ಯೋ ನನ್ನ ಮಾನವೇ — ಆದರೆ ಇದು ಚೆನ್ನಾಗಿದೆ, ಸುಳ್ಳು ಯಾಕೆ ಹೇಳಬೇಕು, ಹೊರದೇಶದವರ ಗಾಡಿಯಾದರೇನು, ಹೊಲಿಗೆ ಹೊಲಿಗೆಯೇ, ಯಾವ ಪುಣ್ಯಾತ್ಗಿತ್ತಿ ಕೂತು ಹೊಲಿದಳೋ, ಮೂಲೆ ಬಂದಾಗ ಸೂಜಿಯನ್ನು ಒಳಗೇ ನಿಲ್ಲಿಸಿಕೊಂಡು ಬಟ್ಟೆ ತಿರುಗಿಸಿದ್ದಾಳೆ, ಅವಸರ ಮಾಡಿಲ್ಲ, ಮನೆಯಲ್ಲಿ ಜಗಳ ಮಾಡಿಕೊಂಡು ಬಂದ ದಿನದ ಹೊಲಿಗೆ ಅಲ್ಲ ಇದು. ಒಳಗೆಲ್ಲ ಹೊಸ ಚಪ್ಪಲಿಯ ಡಬ್ಬಿ ತೆರೆದ ವಾಸನೆ, ಕಾಲ ಕೆಳಗೆ ಇನ್ನೂ ಕಾಗದ ಹಾಸಿದೆ, ಆಗಲೇ ಒಂದು ಎಡವಟ್ಟು ಬೇರೆ ಆಯಿತು, ಕೂತವಳೇ ಬಾಗಿಲನ್ನು ಎತ್ತಿ ಹಾಕಿದಳು, ಅದು ಎತ್ತಿಸಿಕೊಳ್ಳುವ ಬಾಗಿಲೇ ಅಲ್ಲ, ಧಡಾರ್ ಅಂತು, ಟೈ ಕಟ್ಟಿದ ಸೇಲ್ಸ್‌ನವನು ಬೆಚ್ಚಿಬಿದ್ದು ಮೆತ್ತಗೆ ಎಳೆದ್ರೆ ಸಾಕು ಮೇಡಂ, ತಾನೇ ಕೂತ್ಕೊಳ್ಳುತ್ತೆ ಎಂದ, ಮುಂದಿನ ಗಾಜಿನಾಚೆ ಇವರು, ಅವಳ ಗಂಡ, ಆ ಸದ್ದಿಗೆ ತಲೆ ಎತ್ತಿದರು, ತುಟಿ ಒಂದು ಚೂರು ನಕ್ಕ ಹಾಗಿತ್ತು, ತಕ್ಷಣ ಮುಖ ಗಂಟು. ಕೈ ಹಿಂದೆ ಕಟ್ಟಿಕೊಂಡು ಗಾಡಿಯ ಸುತ್ತ ನಡೆಯುತ್ತಿದ್ದಾರೆ, ಮುಟ್ಟುವುದಿಲ್ಲ, ಮುಟ್ಟಿದರೆ ಮೈಲಿಗೆ. ಬೆಳಿಗ್ಗೆ ಮನೆ ಬಿಡುವಾಗಲೇ ಹೇಳಿದ್ದರು, ನೋಡೋಕೆ ಬರ್ತೀನಿ, ಅದ್ರಲ್ಲಿ ಕೂರು ಅಂತ ಮಾತ್ರ ಹೇಳಬೇಡ.

ಕೂರದಿದ್ದರೆ ಯಾರಿಗೆ ಈ ಗಾಡಿ, ಇವರಿಲ್ಲದೆ ಅವಳೊಬ್ಬಳೇ ಎಲ್ಲಿಗೆ ಹೋಗಬೇಕಿದೆ, ತರಕಾರಿ ತರಲು ನಡೆದೇ ಹೋಗಬಹುದು, ಡಾಕ್ಟರ ಹತ್ತಿರ ಹೋಗುವುದು ಇವರನ್ನು ಕರೆದುಕೊಂಡು, ಮಗಳ ಮನೆಗೆ ಹೋಗುವುದು ಇವರ ಜೊತೆ, ಸುಮ್ಮನೆ ಸಂಜೆ ಕೆರೆ ತನಕ ಹೋಗಿ ಗಾಜು ಇಳಿಸಿಕೊಂಡು ಕೂರುವುದೂ ಇವರ ಜೊತೆಗೇ. ಇವರಿಗೆ ಪಕ್ಕದ ನೋಟ ಹೋಗಿದೆ, ಕೊಳವೆಯಲ್ಲಿ ಇಣುಕಿದ ಹಾಗೆ ಎದುರಿಗಿರೋದು ಮಾತ್ರ ಕಾಣುತ್ತೆ, ಇನ್ಮೇಲೆ ಸ್ಟೀರಿಂಗ್ ಹಿಡಿಯೋದು ಬೇಡ ಎಂದು ಡಾಕ್ಟರು ಹೇಳಿದ ಸಂಜೆ ಇವರು ಗಾಡಿಯ ಕೀಲಿಯನ್ನು ಅವಳ ಹೊಲಿಗೆ ಡಬ್ಬಿಯೊಳಗೆ ಹಾಕಿಬಿಟ್ಟರು, ದಾರದ ಉಂಡೆಗಳ ನಡುವೆ ಕೀಲಿ, ಅದನ್ನು ನೋಡಿ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ಮುಖ ತೊಳೆದು ಬಂದು ಡ್ರೈವಿಂಗ್ ಕಲೀತೀನಿ ಅಂದಳು. ಈ ವಯಸ್ಸಿನಲ್ಲಾ ಅಂದರು. ಇನ್ಯಾವ ವಯಸ್ಸಲ್ಲಿ ಕಲೀಲಿ, ಮುಂದಿನ ಜನ್ಮದಲ್ಲಾ? ಕಲಿಸಿದವರೂ ಇವರೇ, ಪಕ್ಕದಲ್ಲಿ ಕೂತು, ಕ್ಲಚ್ಚು ನಿಧಾನ ಬಿಡೇ, ಅದು ಹೊಲಿಗೆ ಮಿಷನ್ನಿನ ಪೆಡಲ್ ಅಲ್ಲ, ಬ್ರೇಕು, ಬ್ರೇಕು, ಅಯ್ಯೋ ದೇವರೇ — ಆದರೆ ಒಂದು ಸಲವಾದರೂ ಕೊಡು ನಾನು ಓಡಿಸ್ತೀನಿ ಅನ್ನಲಿಲ್ಲ.

ಸೀಟಿನ ವಿಭಾಗದಲ್ಲಿ ಎಲ್ಲರೂ ಇವರನ್ನು ಬಾಗಿಲಪ್ಪ ಅನ್ನುತ್ತಿದ್ದರು, ಒಂದೇ ಕಾರ್ಖಾನೆ, ನಮ್ಮ ಕಂಪನಿ, ಅವಳು ಸೀಟು ಹೊಲಿಯುವ ಕಡೆ, ಇವರು ಬಾಗಿಲು ಕೂರಿಸುವ ಕಡೆ, ನಡುವೆ ಒಂದು ಉದ್ದನೆಯ ಶೆಡ್ಡು, ಅಷ್ಟು ದೂರದಿಂದ ಹರಿದ ಗ್ಲೌಸ್ ಹಿಡಿದುಕೊಂಡು ಬರುತ್ತಿದ್ದರು, ಸ್ವಲ್ಪ ಹೊಲಿದುಕೊಡ್ತೀರಾ, ವಾರದಲ್ಲಿ ಮೂರು ಸಲ ಹರಿಯುವ ಗ್ಲೌಸ್ ಯಾವ ಲೋಕದಲ್ಲಿದೆ, ನಾಲ್ಕನೆಯ ಸಲ ಬಂದಾಗ ನೋಡಿದರೆ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು, ರೀ ಬಾಗಿಲಪ್ಪನೋರೇ, ಮುಂದಿನ ಸಲ ಕೈಯಲ್ಲಿ ಹರೀರಿ, ಕತ್ತರಿ ಗುರುತು ಕಾಣುತ್ತೆ ಅಂದಿದ್ದಳು, ಕಿವಿ ತನಕ ಕೆಂಪಾದರು, ಈಗಲೂ ಅದನ್ನು ನೆನೆದರೆ ನಗು ಬರುತ್ತದೆ. ಬಾಗಿಲು ಹಾಕಿ ತಲೆ ಓರೆ ಮಾಡಿ ಕೇಳುವುದು ಇವರ ಅಭ್ಯಾಸ, ಧಪ್ ಅನ್ನಬೇಕು ಕಣೇ, ಡಬ್ ಅಂದ್ರೆ ಒಳಗೇನೋ ಸಡಿಲ ಇದೆ ಅಂತ. ಮಗಳು ಹುಟ್ಟಿದ ವರ್ಷ ತೆಗೆದುಕೊಂಡ ಗಾಡಿಗೆ ಸೀಟು ಹೊಲಿದವಳು ಅವಳೇ, ಬಾಗಿಲು ಕೂರಿಸಿದವರು ಇವರೇ, ಮೇಸ್ತ್ರಿಯನ್ನು ಕಾಡಿ ಬೇಡಿ ಆ ಒಂದು ಗಾಡಿಯನ್ನು ತಾವೇ ಮಾಡಿದ್ದರು, ಹಾಗೆ ಮಾಡಿದ ಬಾಗಿಲೇ ಜೋತುಬಿದ್ದದ್ದು, ನಗಬೇಕೋ ಅಳಬೇಕೋ, ಮೊದಲು ಡ್ರೈವರ್ ಕಡೆಯದು, ಆಮೇಲೆ ಅಕ್ಕನನ್ನು ನೋಡಿ ತಂಗಿ ಕಲಿತ ಹಾಗೆ ಉಳಿದವೂ. ಸರಿ ಮಾಡಿ ಅಂದರೆ ಈ ಭಾನುವಾರ, ಮುಂದಿನ ಭಾನುವಾರ, ಬೀದಿಯವರ ಗಾಡಿಗಳಿಗೆಲ್ಲ ಬಾಗಿಲು ಸರಿಮಾಡಿಕೊಟ್ಟದ್ದೇ ಕೊಟ್ಟದ್ದು, ಊರಿಗೆ ಉಪಕಾರಿ, ಮನೆಗೆ ಮಾರಿ, ತಮ್ಮ ಗಾಡಿಗೆ ಹತ್ತಿದವರಿಗೆಲ್ಲ ಒಂದೇ ಮಂತ್ರ, ಎತ್ತಿ ಹಾಕಿ, ಸ್ವಲ್ಪ ಎತ್ತಿ ಹಾಕಿ. ಎತ್ತಿ ಎತ್ತಿ ಮನೆಮಂದಿಗೆಲ್ಲ ರೂಢಿಯಾಗಿ, ಮಗಳು ಮದುವೆಯ ದಿನ ಗಂಡನ ಕಡೆಯವರ ಗಾಡಿಯ ಬಾಗಿಲನ್ನೂ ಎತ್ತಿ, ಹಿಡಿಯೇ ಕೈಗೆ ಬಂತು, ಸೀರೆ ಉಟ್ಟುಕೊಂಡು ಕೈಯಲ್ಲಿ ಕಾರಿನ ಹಿಡಿ ಹಿಡಿದು ನಿಂತ ಮದುಮಗಳ ಫೋಟೋ ಇವತ್ತಿಗೂ ಗೋಡೆಯ ಮೇಲಿದೆ.

ಆ ಮಗಳ ಗಂಡನೇ ಶುರು ಮಾಡಿದ್ದು ಈ ಹೊರದೇಶದ ರಗಳೆಯನ್ನು, ಒಳ್ಳೆಯ ಅಳಿಯ, ಮಾತು ಮಾತ್ರ ಹಿಂದೆ ಮುಂದೆ ನೋಡುವುದಿಲ್ಲ, ಹೊರಗಿನವರದ್ದು ತಗೊಂಡ್ರೆ ಹತ್ತು ವರ್ಷ ಬಾನೆಟ್ ತೆಗೆಯೋ ಹಾಗಿಲ್ಲ ಅತ್ತೆ, ಕಣ್ಣು ಮುಚ್ಕೊಂಡು ತಗೊಳ್ಳಿ ಅಂದುಬಿಟ್ಟ, ಮಗಳು ಮೇಜಿನಡಿ ಕಾಲು ತುಳಿದಿರಬೇಕು, ಎಲ್ಲರೂ ತಟ್ಟೆ ನೋಡತೊಡಗಿದರು, ಇವರೇ ನಕ್ಕರು, ನಂಗೆ ಮುಚ್ಕೊಳ್ಳೋ ಶ್ರಮನೂ ಇಲ್ಲ ಬಿಡಪ್ಪ, ಆದ್ರೂ ಹಿತ್ತಲ ಗಿಡ ಮದ್ದಲ್ಲ ಅನ್ನೋರಿಗೆ ಏನು ಹೇಳೋದು, ನಾವು ಮಾಡಿದ ಗಾಡಿ ನಿಮಗೆ ಬೇಡ, ದೂರದ ಬೆಟ್ಟ ನುಣ್ಣಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾನೂ ಒಂದು ಗಾದೆ ಇದೆ ಮಾವ ಅಂದ ಅಳಿಯ, ಇವನಿಗೆ ಬುದ್ಧಿ ಯಾವಾಗ ಬರುತ್ತದೋ. ಮೆಕ್ಯಾನಿಕ್ಕನ್ನು ಕೇಳಿದರೆ ಅವನದು ಇನ್ನೊಂದು ಪುರಾಣ, ಅಕ್ಕಾ, ನಮ್ಮದು ಹೊರಗಿನದು ಅನ್ನೋದೆಲ್ಲ ಈಗ ಹೆಸರಿಗೆ, ನಮ್ಮ ಕಂಪನಿ ಇಂಜಿನ್ನು ಅಲ್ಲಿಂದ ಬರುತ್ತೆ, ಅವರ ಗಾಡಿ ಗಾಜು ಇಲ್ಲೇ ಮಾಡ್ತಾರೆ, ಆದ್ರೂ ಒಂದು ಮಾತು ಹೇಳ್ತೀನಿ, ನಮ್ಮದು ಪದೇ ಪದೇ ನಿಲ್ಲುತ್ತೆ, ಯಾವ ಬೀದಿಯಲ್ಲಿ ಬೇಕಾದ್ರೂ ರಿಪೇರಿ ಆಗುತ್ತೆ, ಅವರದು ನಿಲ್ಲೋದೇ ಇಲ್ಲ, ಅಪ್ಪಿತಪ್ಪಿ ಕೆಟ್ಟರೆ ಸಾಮಾನು ಬರೋಕೆ ತಿಂಗಳು ಕಾಯಬೇಕು, ದಿನಾ ನೆಗಡಿ ಆಗೋ ಮಗು ಬೇಕೋ, ಯಾವಾಗಲೋ ಒಮ್ಮೆ ಆಸ್ಪತ್ರೆ ಸೇರೋ ಮಗು ಬೇಕೋ, ನೀವೇ ನೋಡಿ. ಬೆಳಿಗ್ಗೆ ಮೊದಲು ನಮ್ಮ ಕಂಪನಿಯ ಶೋರೂಮಿಗೇ ಹೋಗಿದ್ದರು, ಅಲ್ಲಿ ಇವರು ಯಾರೂ ಹೇಳದೆಯೇ ಹೊಸ ಸಣ್ಣ ಗಾಡಿಯ ಬಾಗಿಲು ತೆಗೆದು ಹಾಕಿ ತಲೆ ಓರೆ ಮಾಡಿದರು, ಮತ್ತೆ ತೆಗೆದು ಹಾಕಿದರು, ಚೆನ್ನಾಗಿದೆ ಅಂದರು, ಉಪ್ಪು ಮರೆತ ಸಾರನ್ನು ಉಂಡು ಚೆನ್ನಾಗಿದೆ ಅನ್ನುತ್ತಾರಲ್ಲ, ಅದೇ ದನಿ, ಅವಳ ಬೆರಳಿಗೂ ಸೀಟಿನ ಮೂಲೆಯಲ್ಲಿ ಎರಡು ಹೊಲಿಗೆ ತಪ್ಪಿದ್ದು ಸಿಕ್ಕಿತ್ತು, ಅವಳೂ ಹೇಳಲಿಲ್ಲ, ತಮ್ಮ ಮನೆ ಮಗುವಿನ ಸೊಟ್ಟ ಹಲ್ಲನ್ನು ಯಾರಾದರೂ ಎತ್ತಿ ಆಡುತ್ತಾರೆಯೇ. ಹೊರಗೆ ಬಂದು ಇದೇ ಇರಲಿ ಕಣೇ ಅಂದರು ಇವರು. ಅವಳು ಮಾತ್ರ ಇನ್ನೊಂದು ನೋಡೋಣ ರೀ ಅಂದಳು, ಆಗ ಗಟ್ಟಿಯಾದದ್ದು ಈ ಮುನಿಸು.

ಅಳಿಯನ ಮಾತು ಕೇಳಿ ಕುಣೀತಾಳೆ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ, ಹೊಲಿಗೆಯೂ ಅಲ್ಲ, ಧಪ್ಪೂ ಅಲ್ಲ, ಡಬ್ಬೂ ಅಲ್ಲ, ಸೇತುವೆ, ಹೋದ ತಿಂಗಳು ಸೇತುವೆಯ ನಡುವೆ ನಮ್ಮ ಗಾಡಿ ನಿಂತಿತಲ್ಲ, ಅದು, ಬಿಸಿಯಾದರೆ ನಿಲ್ಲುವುದು ಅದರ ಹಳೆಯ ಚಾಳಿ, ಹಿಂದೆ ಹಾರನ್ನೋ ಹಾರನ್ನು, ಅವಳ ಕೈ ಬೆವೆತು ಸ್ಟೀರಿಂಗ್ ಜಾರುತ್ತಿದೆ, ಗೇರ್ ಹಾಕಿ ಕ್ಲಚ್ಚು ಒತ್ಕೋ, ಗಾಡಿ ಓಡಿದಾಗ ಬಿಡು, ಹೆದರ್ಕೋಬೇಡ, ನಾನಿದ್ದೀನಲ್ಲ ಎಂದು ಇವರು ಇಳಿದೇಬಿಟ್ಟರು, ರೀ ಬೇಡ ಅನ್ನುವಷ್ಟರಲ್ಲಿ ಹಿಂದೆ ಹೋಗಿ ತಳ್ಳುತ್ತಿದ್ದಾರೆ, ಕನ್ನಡಿಯಲ್ಲಿ ಇವರ ಮುಖ, ಹಲ್ಲು ಕಚ್ಚಿ ತಳ್ಳುವ ಮುಖ, ಎಷ್ಟು ಖುಷಿ ಆ ಮುಖದಲ್ಲಿ, ಮತ್ತೆ ಕೆಲಸಕ್ಕೆ ಹೋದ ಹಾಗೆ, ಅದರ ಪಕ್ಕದಲ್ಲೇ ಬಸ್ಸು, ಇವರಿಗೆ ಕಾಣದ ಕಡೆಯಿಂದ, ಬಂತು, ಬಂತು, ಅಂಗಿಯ ಚುಂಗು ಹಾರಿಸಿಕೊಂಡು ಹೋಯಿತು, ಇವರು ತಿರುಗಲೂ ಇಲ್ಲ. ಅವಳ ಕಾಲು ತಾನಾಗಿಯೇ ಕ್ಲಚ್ಚು ಬಿಟ್ಟಿತು. ಗಾಡಿ ಶುರುವಾಯಿತು, ಇವರು ಓಡಿ ಬಂದು ಹತ್ತಿ, ಬಾಗಿಲು ಎತ್ತಿ ಹಾಕಿ, ಕೈ ಒರೆಸಿಕೊಳ್ಳುತ್ತಾ, ಸೇತುವೆ ಮೇಲೆ ಏನು ಗಾಳಿ ಕಣೇ, ತಣ್ಣಗೆ, ಅಂಗಿ ಹಾರಿಹೋಗೋ ಹಾಗೆ! ಹ್ಞೂಂ ಅಂದಳು. ಅವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ, ಏನಂತ ಹೇಳುವುದು, ನಾನು ಇನ್ನು ತಳ್ಳೋಕೂ ಲಾಯಕ್ಕಿಲ್ವಾ ಅಂದರೆ ಏನು ಮಾಡುವುದು, ಅವಳಿಗೆ ಬೇಕಿರುವುದು ನಿಲ್ಲದ ಗಾಡಿ, ಯಾವ ದೇಶದವನಾದರೂ ಮಾಡಲಿ, ಎಂಥ ಬಣ್ಣವಾದರೂ ಬಳಿಯಲಿ, ನಿಂತರೆ ಇವರು ಇಳಿಯುತ್ತಾರೆ, ಇಳಿದರೆ ಪಕ್ಕದಲ್ಲಿ ಬರುವುದು ಕಾಣುವುದಿಲ್ಲ. ಅಷ್ಟೇ ಅವಳ ಲೆಕ್ಕ.

ಸರ್, ಸಾರಿ, ನೋಡ್ಕೊಂಡು, ಎಂದು ಸೇಲ್ಸ್‌ನವನ ದನಿ, ಇವರು ಪಕ್ಕದ ಗಾಡಿಯ ತೆರೆದ ಬಾಗಿಲಿಗೆ ಮೊಣಕಾಲು ಹೊಡೆದುಕೊಂಡಿದ್ದಾರೆ, ಏನೂ ಇಲ್ಲ, ಏನೂ ಇಲ್ಲ, ಬಾಗಿಲು ಪರೀಕ್ಷೆ ಮಾಡ್ತಿದ್ದೆ ಅನ್ನುತ್ತಿದ್ದಾರೆ, ಮೊಣಕಾಲಲ್ಲಿ ಬಾಗಿಲು ಪರೀಕ್ಷೆ ಮಾಡುವವರನ್ನು ಎಲ್ಲಾದರೂ ಕಂಡಿದ್ದೇವೆಯೇ, ನನ್ನ ಬಂಗಾರ, ಕೋಳಿಯ ಹಾಗೆ ಇಡೀ ತಲೆ ತಿರುಗಿಸಿ ತಿರುಗಿಸಿ ಅವಳನ್ನು ಹುಡುಕುತ್ತಿದ್ದಾರೆ, ಸಿಕ್ಕಳು, ಈಗ ಎದುರಿಗೇ ಇದ್ದಾಳೆ, ಗಾಜಿನಾಚೆಯಿಂದ ನೋಡುತ್ತಿದ್ದಾರೆ, ಅವಳು ಕರೆಯಲಿಲ್ಲ, ಕೂರು ಅಂತ ಹೇಳಬಾರದು ಎಂದಿದ್ದಾರಲ್ಲ, ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ಮಾತ್ರ ಎತ್ತಿ ಹಿಂದಕ್ಕೆ ಹಾಕಿದಳು. ಇವರ ಕೈ ಬಾನೆಟ್ ಮುಟ್ಟಿತು, ಬಾನೆಟ್ಟಿನ ಅಂಚು ಹಿಡಿದುಕೊಂಡೇ ನಡೆದು ಬಂತು, ಕನ್ನಡಿ, ಗಾಜು, ಹಿಡಿ, ಬಾಗಿಲು ತೆರೆಯಿತು, ಕೂತರು, ಒಂದು ಕಾಲು ಇನ್ನೂ ಹೊರಗೆ. ಸೀಟು ಹೇಗಿದೆ ಇವಳೇ? ಚೆನ್ನಾಗಿದೆ ರೀ, ನಮ್ಮವರಿಗಿಂತ ಒಂದು ಕೈ ಮೇಲೆ. ಹೂಂ. ಈ ಗಾಡಿ ನಡುರಸ್ತೇಲಿ ನಿಂತ್ರೆ? ನಿಲ್ಲಲ್ಲಂತೆ. ಒಂದ್ಸಲನೂ? ಒಂದ್ಸಲನೂ ನಿಲ್ಲಲ್ಲಂತೆ ರೀ. ಇವರು ಎದುರಿಗೇ ನೋಡುತ್ತಿದ್ದಾರೆ, ಶೋರೂಮಿನ ಖಾಲಿ ಗೋಡೆಯನ್ನು. ಹಾಗಾದ್ರೆ ಇದ್ರಲ್ಲಿ ನಂಗೇನೇ ಕೆಲಸ?

ಅಯ್ಯೋ, ಇದಾ, ಇಷ್ಟು ದಿನ ಕಂಪನಿಯ ಅಭಿಮಾನ ಅಂದುಕೊಂಡಿದ್ದಳಲ್ಲ, ಹಿತ್ತಲ ಗಿಡವೂ ಅಲ್ಲ, ದೂರದ ಬೆಟ್ಟವೂ ಅಲ್ಲ, ಇದಾ — ಕತ್ತರಿಸಿದ ಗ್ಲೌಸ್ ಹಿಡಿದು ನಿಂತ ಮುಖವೇ ಇದು, ಅದೇ ಕಿವಿ — ರೀ, ಅವತ್ತು ಸೇತುವೆ ಮೇಲೆ ಬಂದದ್ದು ಗಾಳಿ ಅಲ್ಲ, ಬಸ್ಸು. ಹೇಳಿಬಿಟ್ಟಳು, ಬಾಯಿಂದ ಬಿದ್ದುಹೋಯಿತು. ಕನ್ನಡೀಲಿ ನೋಡ್ದೆ ನಾನು, ನಿಮ್ಮ ಅಂಗಿ ಸವರ್ಕೊಂಡು ಹೋಯ್ತು. ಇವರ ತೊಡೆಯ ಮೇಲಿನ ಕೈ ಮೆಲ್ಲಗೆ ಪಕ್ಕಕ್ಕೆ ಹೋಗಿ ಅಂಗಿಯ ಚುಂಗನ್ನು ಹಿಡಿದು ನೋಡಿತು. ಗಾಳಿ ಅಂದ್ಕೊಂಡೆ ಕಣೇ. ಹೌದು ರೀ. ಒಬ್ಳೇ ಇಟ್ಕೊಂಡಿದ್ಯಾ ಇಷ್ಟು ದಿನ? ನೀವು ಪಕ್ಕದಲ್ಲಿರೋದೇ ಕೆಲಸ ಅನ್ನಬೇಕು, ನಿಮ್ಮನ್ನ ಕನ್ನಡೀಲಿ ನೋಡೋದು ಬೇಡ, ಪಕ್ಕದಲ್ಲಿ ನೋಡಬೇಕು ನಂಗೆ ಅನ್ನಬೇಕು, ಬಂದ ಮಾತು ಬೇರೆಯೇ, ಮೊದಲು ಬಾಗಿಲು ಹಾಕಿ ಅಂದಳು. ಹೊರಗಿದ್ದ ಕಾಲು ಒಳಗೆ ಬಂತು. ಕೈ ಹಿಡಿಗೆ ಹೋಯಿತು, ಸೇಲ್ಸ್‌ನವನು ಸರ್, ಮೆತ್ತಗೆ ಅನ್ನಲು ಬಾಯಿ ತೆರೆದ, ಅವಳು ಕಣ್ಣಲ್ಲೇ ಬೇಡ ಎಂದಳು, ಆ ಕೈ, ಎತ್ತಬೇಕಿಲ್ಲದ ಬಾಗಿಲನ್ನು, ಹೊಚ್ಚ ಹೊಸ ಬಾಗಿಲನ್ನು, ಒಂದು ಚೂರು ಮೇಲಕ್ಕೆ ಎತ್ತಿ — ಆ ಕೈ, ಎತ್ತಿ — ಎತ್ತಿ ಹಾಕಿತು.