ಕಾಲುವೆಯಾಚೆಯ ತಿಳಿಹಳದಿ

"ಇಷ್ಟು ಚೆಂದದ ನಕ್ಷೆ ಮಾಡಿಟ್ಟು ಮುಖ ಯಾಕೆ ಹಾಗೆ ಗಂಟು ಹಾಕ್ಕೊಂಡಿದ್ದೀರಿ, ನಕ್ಷೆ ಮೇಡಂ?" ಎಂದರು ಸಾಹೇಬರು, ಗೋಡೆಗೆ ಅಂಟಿಸಿದ್ದ ಆಳೆತ್ತರದ ಹಾಳೆಯ ಮುಂದೆ ಕನ್ನಡಕವನ್ನು ಹಣೆಗೇರಿಸಿ ನಿಂತು.

ನಕ್ಷೆ ಚೆಂದವಾಗೇ ಇತ್ತು. ಇಡೀ ಜವುಗು ಪ್ರದೇಶ ಒಂದೇ ಹಾಳೆಯ ಮೇಲೆ ಮೈಚಾಚಿ ಮಲಗಿತ್ತು. ನೀರುನಾಯಿ ಬದುಕಿ, ಬಿಲ ತೋಡಿ, ಮರಿ ಸಾಕಬಲ್ಲ ಜಾಗವೆಲ್ಲ ಕಡುಹಸಿರು. ಅದಕ್ಕೆ ಒಗ್ಗದ ಜಾಗ ತಿಳಿಹಳದಿ. ಸೋಮವಾರದ ಸಭೆಯಲ್ಲಿ ಹಸಿರಿನ ಸುತ್ತ ಒಂದು ಗಡಿ ಬೀಳುವುದಿತ್ತು. ಗಡಿಯೊಳಗಿನ ಒಂದು ಹುಲ್ಲುಕಡ್ಡಿಯನ್ನೂ ಯಾರೂ ಮುಟ್ಟುವ ಹಾಗಿಲ್ಲ. ಹೊರಗಿನದು ಗೋದಾಮು ಕಟ್ಟುವವರ ಪಾಲು. ನೀರು ಬಸಿದು ಮಣ್ಣು ತುಂಬುವುದಕ್ಕೆ ಅವರು ತುದಿಗಾಲಲ್ಲಿ ನಿಂತಿದ್ದರು.

ಅವಳು ಹಾಳೆಯ ಬಲಗಡೆ ಬೆರಳಿಟ್ಟಳು. "ಸಾರ್, ಕಾಲುವೆಯಿಂದ ಈಚೆ ಹಸಿರು, ಆಚೆ ಪೂರ್ತಿ ಹಳದಿ. ಚಾಕು ತಗೊಂಡು ಕೊಯ್ದ ಹಾಗಿದೆ. ಎರಡೂ ಕಡೆ ಅದೇ ಜೊಂಡು, ಅಷ್ಟೇ ಆಳ, ಅದೇ ಮೀನು."

"ಪ್ರಾಣಿಗೆ ಆ ಕಡೆ ಇಷ್ಟ ಇಲ್ಲ, ಅಷ್ಟೆ. ನಮ್ಮನೇಲೂ ಅದೇ ಒಲೆ, ಅದೇ ಪಾತ್ರೆ. ನನ್ನ ಮಗ ಮಾತ್ರ ಪಕ್ಕದ ಮನೇಲೇ ಊಟ ಮಾಡ್ತಾನೆ. ಕಾರಣ ಕೇಳಕ್ಕಾಗುತ್ತಾ?" ಸಾಹೇಬರು ತಮ್ಮ ಮಾತಿಗೆ ತಾವೇ ನಕ್ಕರು. "ಆಚೆ ಒಂದೂ ಗುರುತಿಲ್ಲ ಅನ್ನೋದು ನಿಮ್ಮ ತಂದೆಯವರದೇ ಎಣಿಕೆ ಅಲ್ವಾ? ಅವರು ಸೊನ್ನೆ ಅಂದ ಮೇಲೆ ಅದು ಸೊನ್ನೆಯೇ. ಇರಲಿ, ಇರಲಿ. ಸೋಮವಾರ ಇದೇ ಹೋಗಲಿ."

ಅಪ್ಪ ಇದೇ ಕಚೇರಿಯಲ್ಲಿ ಎಣಿಕೆಯವನಾಗಿದ್ದು ನಿವೃತ್ತನಾದವನು. ಜವುಗನ್ನು ಚೌಕ ಚೌಕವಾಗಿ ವಿಂಗಡಿಸಿಕೊಂಡು, ಪ್ರತಿ ಬೇಸಿಗೆಯಲ್ಲೂ ದೋಣಿಯಲ್ಲಿ ಸುತ್ತಿ, ಯಾವ ಚೌಕದಲ್ಲಿ ನೀರುನಾಯಿಯ ಹೆಜ್ಜೆ ಇದೆ, ಯಾವುದರಲ್ಲಿ ಹಿಕ್ಕೆ ಇದೆ ಎಂದು ಗುರುತು ಹಾಕುವುದು ಅವನ ಕೆಲಸ. 'ಹಿಕ್ಕೆ ಸಿಕ್ಕರೆ ಲೆಕ್ಕ' ಎನ್ನುವುದು ಅವನ ಗಾದೆ. ಕಚೇರಿಯಲ್ಲಿ ಉಳಿದಿದ್ದ ಅವನ ಕೊನೆಯ ವರ್ಷಗಳ ಗುರುತುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದವಳು ಅವಳೇ. ಕೆಲವು ಚೌಕಗಳಲ್ಲಿ ಅಪ್ಪ ಅಂಕಿಯ ಬದಲು ಒಂದು ಅಡ್ಡಗೆರೆ ಎಳೆದಿದ್ದ. ಕಂಪ್ಯೂಟರಿಗೆ ಗೆರೆ ಜೀರ್ಣವಾಗದು, ಅಂಕಿಯೇ ಬೇಕು. ಗೆರೆ ಎಂದರೆ ಏನೂ ಇಲ್ಲ ಎಂದುಕೊಂಡು ಅವಳು ಒಂದೇ ಏಟಿಗೆ ಎಲ್ಲ ಗೆರೆಗಳನ್ನೂ ಸೊನ್ನೆ ಮಾಡಿ, ಕೆಲಸ ಹಗುರಾಯಿತೆಂದು ಹೋಗಿ ಟೀ ಕುಡಿದು ಬಂದಿದ್ದಳು.

ಈಗ ನಕ್ಷೆಯ ಮುಂದೆ ನಿಂತಾಗ ಅದು ನೆನಪಾಯಿತು. ಆ ಗೆರೆಗಳೆಲ್ಲ ಇದ್ದದ್ದು ಕಾಲುವೆಯಾಚೆಯೇ.

*

ಅವಳು ಮನೆಗೆ ಬಂದಾಗ ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಏನಂದ್ರು ನಿಮ್ಮ ಸಾಹೇಬ್ರು?" ಎಂದವನು, ಅವಳು ಬಾಯಿ ತೆರೆಯುವ ಮುಂಚೆಯೇ ಹೊಟ್ಟೆ ಮುಂದೆ ಮಾಡಿ, ಗಂಟಲನ್ನು ಗಡಿಗೆಯೊಳಗೆ ಇಳಿಸಿದಂತೆ ಮಾಡಿ, "ಇರಲಿ... ಇರಲಿ..." ಎಂದ. ಕಣ್ಣು ಮುಚ್ಚಿಕೊಂಡಿದ್ದರೆ ಸಾಹೇಬರೇ ಮೆಟ್ಟಿಲ ಮೇಲೆ ಕೂತಿದ್ದಾರೆ ಅನ್ನಬೇಕು. "ಇರಲಿ ಇರಲಿ ಅಂತಾನೇ ಏನೂ ಇರದ ಹಾಗೆ ಮಾಡ್ತಾರೆ ಪುಣ್ಯಾತ್ಮ."

ಅಪ್ಪನ ಗಂಟಲಲ್ಲಿ ಒಂದು ಸಂತೆಯೇ ಇತ್ತು. ಎದುರುಮನೆಯ ಸ್ಕೂಟರು ಚಳಿಗಾಲದಲ್ಲಿ ಹತ್ತಿಕೊಳ್ಳಲಾರದೆ ಕೆಮ್ಮುವುದು, ಬ್ಯಾಂಕಿನ ಹೆಂಗಸು ಮೂಗಿನಿಂದ ಟೋಕನ್ ಕೂಗುವುದು, ಕುದಿಯುವ ಕೆಟಲು, ಎಲ್ಲವೂ ಅಲ್ಲಿ ಬಿಡಾರ ಹೂಡಿದ್ದವು. ನೀರುನಾಯಿಯ ಸಿಳ್ಳನ್ನು ಅವನು ಹಾಕಿದರೆ ನೀರುನಾಯಿಗಳೇ ತಲೆಯೆತ್ತಿ ನೋಡುತ್ತಿದ್ದವಂತೆ. ಒಂದು ದನಿ ಮಾತ್ರ ಅವನು ತೆಗೆಯುತ್ತಿರಲಿಲ್ಲ. ಅದು ದೋಣಿ ಮಾಮನದು. ಅಪ್ಪನನ್ನು ವರ್ಷಗಟ್ಟಲೆ ಜವುಗಿನಲ್ಲಿ ಸುತ್ತಿಸಿದ ಅಂಬಿಗ ಅವನು. ನೆಂಟನಲ್ಲ, ಆದರೂ ಬಾವ ಎಂದು ಕರೆದು ಕರೆದೇ ನೆಂಟನಾದವನು. ಅವಳು ಚಿಕ್ಕವಳಿದ್ದಾಗಲೇ ನೀರಿನಲ್ಲಿ ಹೋಗಿಬಿಟ್ಟಿದ್ದ. "ದೋಣಿ ಮಾಮನ ಥರ ಮಾತಾಡಪ್ಪ" ಎಂದು ಅವಳು ಪೀಡಿಸಿದಾಗಲೆಲ್ಲ ಅಪ್ಪ ನೀರು ಕುಡಿಯಲು ಎದ್ದು ಒಳಗೆ ಹೋಗುತ್ತಿದ್ದ.

ಅವಳು ಪಕ್ಕದಲ್ಲಿ ಕೂತು ಹೇಳಿದಳು. "ಅಪ್ಪ, ಕಾಲುವೆಯಾಚೆ ಚೌಕಗಳಿಗೆ ನೀನು ಗೆರೆ ಹಾಕಿದ್ದೀಯ."

"ಹಾಕಿರಬೇಕು. ಕೆರೆ ಸುತ್ತಿದವನ ಮಗಳು ಗೆರೆ ಸುತ್ತುತ್ತಾ ಕೂತ್ಳು ಅಂತ ನಾಳೆ ಜನ..."

"ತಮಾಷೆ ಬೇಡ. ಗೆರೆ ಅಂದ್ರೆ ಹೋಗಿ ನೋಡ್ದೆ, ಏನೂ ಸಿಗಲಿಲ್ಲ ಅಂತಾನಾ? ಅಥವಾ..."

ಅಪ್ಪ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟ. "ಸಿಗದೇ ಇದ್ರೆ ಸೊನ್ನೆ ಹಾಕ್ತಿದ್ದೆ. ಸೊನ್ನೆ ಹಾಕೋಕೆ ನನಗೇನು ನಾಚಿಕೆನಾ?"

"ಹಾಗಿದ್ರೆ ಗೆರೆ?"

"ಹೋಗಿಲ್ಲ ಅಂತ."

"ಅಷ್ಟು ವರ್ಷದಲ್ಲಿ ಒಂದು ಸಲವೂ?"

ಅಪ್ಪ ಗೋಡೆ ಹಿಡಿದುಕೊಂಡು ಎದ್ದ. ನೀರು ಕುಡಿಯಲು ಒಳಗೆ ಹೋದ.

ಅವಳು ಅಡುಗೆಮನೆಗೆ ಹೋದಾಗ ಅಮ್ಮ ಬೀನ್ಸಿನ ನಾರು ಬಿಡಿಸುತ್ತಿದ್ದಳು. ಮೆಟ್ಟಿಲ ಮಾತೆಲ್ಲ ಕಿಟಕಿಯಿಂದ ಕೇಳಿಸಿತ್ತು. ತಲೆಯೆತ್ತದೆ ಹೇಳಿದಳು.

"ನಿನ್ನ ದೋಣಿ ಮಾಮನ ದೇಹ ಸಿಕ್ಕಿದ್ದು ಸೇತುವೆ ಹತ್ರ ಅಂತ ನಿನಗೆ ಗೊತ್ತು. ಅವನು ಹೋಗಿದ್ದು ಅಲ್ಲಿಗಲ್ಲ. ನಿನಗೆ ಆವತ್ತು ಮೈ ಸುಡೋ ಜ್ವರ. ಇವರು ಮನೆ ಬಿಟ್ಟು ಕದಲಲಿಲ್ಲ. 'ಆಚೆ ಕಡೆ ಎಣಿಕೆ ಒಂದು ಉಳ್ಕೊಂಡಿದೆ ಬಾವಾ, ನೀನು ಮಗು ನೋಡ್ಕೋ, ನಾನೊಬ್ನೇ ಒಂದು ಸುತ್ತು ಹಾಕಿ ಬರ್ತೀನಿ' ಅಂದು ಹೋದ. ಸಂಜೆ ಗಾಳಿ ಎದ್ದಿತು." ಒಂದು ಕಾಯಿಯ ನಾರು ಅರ್ಧಕ್ಕೇ ತುಂಡಾಯಿತು. ಅಮ್ಮ ಅದನ್ನು ಮತ್ತೆ ತುದಿಯಿಂದ ಎಳೆದಳು. "ಅವನು ಸಿಕ್ಕಿದ. ದೋಣಿ ಸಿಗಲಿಲ್ಲ. ಆ ವಾರವಷ್ಟೇ ನೀಲಿ ಬಣ್ಣ ಬಳಿದಿದ್ದ. ಕೆಸರು ಕಾಲಲ್ಲಿ ಹತ್ತಬೇಡಿ ಅಂತ ಇವರಿಗೂ ಬೈದಿದ್ನಂತೆ."

"ನನಗ್ಯಾಕೆ ಹೇಳಲಿಲ್ಲ?"

"ಏನಂತ ಹೇಳೋದು? ಜ್ವರ ಬಂದ ಮಗುಗೆ ನಿನ್ನಿಂದ ಹೀಗಾಯ್ತು ಅಂತಾನಾ? ಯಾರಿಂದಲೂ ಅಲ್ಲ ಅದು." ಅಮ್ಮ ಈಗ ತಲೆಯೆತ್ತಿದಳು. "ಅವರನ್ನ ಆ ಕಡೆ ಕರೀಬೇಡ, ಆಯ್ತಾ?"

*

ಮರುದಿನ ಬೆಳಿಗ್ಗೆ ಅವಳು ಸಾಹೇಬರ ಮುಂದೆ ಕೂರದೆ ನಿಂತೇ ಹೇಳಿದಳು. "ತಪ್ಪು ನನ್ನದು ಸಾರ್. ಹೋಗಿ ನೋಡದ ಜಾಗಕ್ಕೆ ಸೊನ್ನೆ ಹಾಕಿಬಿಟ್ಟಿದ್ದೀನಿ. ಅಲ್ಲಿ ನೀರುನಾಯಿ ಇಲ್ಲ ಅಂತ ನಕ್ಷೆ ಹೇಳ್ತಿದೆ. ಯಾರೂ ಹೋಗಿಲ್ಲ ಅನ್ನೋದಷ್ಟೇ ನಿಜ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ.

"'ಗೊತ್ತಿಲ್ಲ' ಅನ್ನೋದಕ್ಕೆ ನಿಮ್ಮ ಹತ್ರ ಬಣ್ಣ ಇದೆಯಾ?"

"ಬೂದು ಹಾಕಬಹುದು."

"ಬೂದು ನೋಡಿ ಯಾರೂ ಪಂಪು ನಿಲ್ಸಲ್ಲ ಕಣಮ್ಮ. ಪೈಪು ತಂದು ದಂಡೆ ಮೇಲೆ ಹಾಕಿ ಕೂತಿದ್ದಾರೆ. ಗೊತ್ತಿಲ್ಲ ಅಂದ್ರೆ, ನಮಗೆ ಗೊತ್ತಿದೆ ಅಂತ ಮುಂದುವರೀತಾರೆ." ಅವರು ಕಿಟಕಿಯತ್ತ ನೋಡಿದರು. "ಒಂದು ಗುರುತು ತನ್ನಿ. ಒಂದೇ ಸಾಕು. ಹಳೇದಲ್ಲ, ಹಸೀದು. ಸೋಮವಾರ ನಾನೇ ನಕ್ಷೆ ವಾಪಸ್ ತಗೋತೀನಿ, ನನ್ನ ಮಾನ ಹೋದ್ರೂ ಪರವಾಗಿಲ್ಲ. ಸಿಗದೇ ಇದ್ರೆ..." ಕನ್ನಡಕ ಮತ್ತೆ ಏರಿಸಿಕೊಂಡು, "ಇರಲಿ," ಎಂದರು. ಅಪ್ಪ ಮಾಡಿ ತೋರಿಸುವ 'ಇರಲಿ' ಅದಾಗಿರಲಿಲ್ಲ.

ಕಚೇರಿಯ ದೋಣಿಯವನು ಕೈ ಅಲ್ಲಾಡಿಸಿಬಿಟ್ಟ. ಕಾಲುವೆಯಾಚೆಯ ಬಾಯಿ ಕಳೆ ಬೆಳೆದು ಮುಚ್ಚಿಹೋಗಿದೆ, ಒಳಗೆ ದಾರಿ ಎಲ್ಲಿದೆ ಎಂದು ಈಗ ಇರುವವರಿಗೆ ಯಾರಿಗೂ ಗೊತ್ತಿಲ್ಲ, ದೋಣಿ ಬೇಕಾದರೆ ಕೊಡುತ್ತೇನೆ, ಜೀವ ಕೊಡಲಾರೆ ಎಂದ.

ಅವಳು ಅಪ್ಪನನ್ನು ಕೇಳಲಿಲ್ಲ. ಅಮ್ಮ ಬೇಡವೆಂದಿದ್ದಕ್ಕಾಗಿ ಅಷ್ಟೇ ಅಲ್ಲ, ಕೇಳಿದರೆ ಅಪ್ಪ ನೀರು ಕುಡಿಯಲು ಎದ್ದು ಹೋಗುವುದನ್ನು ಇನ್ನೊಮ್ಮೆ ನೋಡುವ ಧೈರ್ಯ ಅವಳಿಗಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ತಟ್ಟೆಯನ್ನು ನೋಡುತ್ತಲೇ, ನಾಳೆ ಭಾನುವಾರ ಒಬ್ಬಳೇ ಆಚೆ ಹೋಗಿ ಬರುತ್ತೇನೆ ಎಂದಳು. ಒಬ್ಬಳೇ ಎಂಬ ಮಾತು ಬಡಿಸಿದ ಅನ್ನದ ಹಾಗೆ ಅವರ ನಡುವೆ ತಣ್ಣಗಾಗುತ್ತ ಕೂತಿತು.

ಬೆಳಿಗ್ಗೆ ಅವಳು ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದ. ಅಟ್ಟದಿಂದ ಇಳಿಸಿದ ರಬ್ಬರಿನ ಬೂಟು, ತಲೆಗೆ ಬಟ್ಟೆ. ಅಮ್ಮ ಹಿಂದಿನಿಂದ ಬಂದು ಊಟದ ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟಳು.

"ಬಿಸಿಲು ಏರೋದ್ರೊಳಗೆ ಬಂದ್ಬಿಡಿ," ಎಂದಳು. ಅಪ್ಪನ ತಲೆಯ ಬಟ್ಟೆಯನ್ನು ಒಮ್ಮೆ ಬಿಚ್ಚಿ, ಬಿಗಿಯಾಗಿ ಕಟ್ಟಿದಳು.

*

ಕಾಲುವೆಯ ದಂಡೆಯುದ್ದಕ್ಕೂ ಕಪ್ಪು ಪೈಪುಗಳು ಒಂದರ ಮೇಲೊಂದು ಬಿದ್ದಿದ್ದವು. ಪಂಪಿಗೆ ತಾಡಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ಅಪ್ಪ ದೋಣಿಯ ಮುಂದೆ ಕೂತಿದ್ದ, ಅವಳು ಹಿಂದೆ ನಿಂತು ಗಳ ಹಾಕುತ್ತಿದ್ದಳು. ದೂರದಿಂದ ಗೋಡೆಯಂತೆ ಕಂಡಿದ್ದ ಕಳೆಯ ಹತ್ತಿರ ಬಂದಾಗ ಅಪ್ಪ ಬಾಗಿ ನೀರನ್ನು ನೋಡಿದ. ಮೊದಲು ತೋರಿಸಿದ ಕಡೆ ದಾರಿಯಿರಲಿಲ್ಲ. ದೋಣಿ ಕೆಸರಿಗೆ ಸಿಕ್ಕಿ, ಗಳ ಹೂತು, ಇಬ್ಬರೂ ಬೆವರಿ ಹಿಂದೆ ಬರಬೇಕಾಯಿತು.

"ನಾನು ಬರ್ತಿದ್ದಾಗ ಇಲ್ಲೇ ಇತ್ತು," ಎಂದ ಅಪ್ಪ. "ದಾರೀನೂ ನಿವೃತ್ತಿ ತಗೊಂಡಿದೆ."

ಇನ್ನೊಂದು ಕಡೆ ಕಳೆ ಸಡಿಲವಾಗಿತ್ತು. ಒಳಗೆ ಹೋದ ಮೇಲೆ ಜೊಂಡು ತಲೆಗಿಂತ ಎತ್ತರಕ್ಕೆ ಎದ್ದು ನಿಂತು ಗಾಳಿಯೂ ನಿಂತುಹೋಯಿತು. ಅಪ್ಪ ಎರಡು ಬೆರಳು ತುಟಿಗಿಟ್ಟು ನೀರುನಾಯಿಯ ಸಿಳ್ಳು ಹಾಕಿದ. ಸಣ್ಣ, ಮೇಲಕ್ಕೇರುವ ಸಿಳ್ಳು. ಕಾದರು. ಯಾವುದೋ ಹಕ್ಕಿ ರೆಕ್ಕೆ ಬಡಿದು ಎದ್ದು ಹೋಯಿತು, ಅಷ್ಟೇ. ಕೆಸರಿನ ದಿಬ್ಬಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಕೊಕ್ಕರೆಯ ಹೆಜ್ಜೆ, ಏಡಿಯ ತೂತು, ಮತ್ತೆ ಕೊಕ್ಕರೆಯ ಹೆಜ್ಜೆ. ಬಿದ್ದ ಮರದ ಬುಡವೊಂದು ಸಿಕ್ಕಾಗ, ನೀರುನಾಯಿ ಹಿಕ್ಕೆ ಹಾಕುವುದು ಇಂಥ ಎತ್ತರದ ಮೇಲೇ ಎಂದು ಅವಳು ಆಸೆಯಿಂದ ಬಾಗಿ ನೋಡಿದಳು. ಅದರ ಮೇಲೆ ಪಾಚಿ ಬಿಟ್ಟರೆ ಏನೂ ಇರಲಿಲ್ಲ. ಬಿಸಿಲು ಏರಿತು. ಹಳದಿ ಗಡಿಯ ಹೊರಗೇ ಉಳಿಯುವುದನ್ನೂ, ಪಂಪು ಸದ್ದು ಮಾಡುವುದನ್ನೂ ಅವಳು ಮನಸ್ಸಿನಲ್ಲೇ ಕಾಣತೊಡಗಿದ್ದಳು.

"ಸಾಕಾ ಅಪ್ಪ? ಅಮ್ಮ ಕಾಯ್ತಿರ್ತಾಳೆ."

ಅಪ್ಪ ಮುಂದಕ್ಕೆ ಕೈ ತೋರಿಸಿದ. ಜೊಂಡಿನ ನಡುವೆ ಒಂದು ಸಣ್ಣ ತೆರಪಿತ್ತು, ಅಂಗಳದಷ್ಟು ನೀರು. ಅದರಂಚಿಗೆ ಎಮ್ಮೆ ಬೆನ್ನಿನಂತೆ ಏನೋ ಉಬ್ಬಿಕೊಂಡಿತ್ತು. ಮರದ ದಿಮ್ಮಿ ಎಂದುಕೊಂಡು ಅವಳು ದೋಣಿಯನ್ನು ಅತ್ತ ತಳ್ಳಿದಳು. ಹತ್ತಿರ ಬಂದಾಗ ಹಲಗೆಗಳು ಕಂಡವು. ಬೋರಲಾಗಿ ಮಲಗಿತ್ತು. ಅರ್ಧ ಮಣ್ಣಾಗಿತ್ತು, ಒಂದು ಪಕ್ಕ ಕುಸಿದು ಜೊಂಡು ಅದರೊಳಗಿಂದಲೇ ಎದ್ದು ಬೆಳೆದಿತ್ತು. ಎರಡು ಹಲಗೆ ಸೇರುವ ಕಡೆ ಸಂದಿಯಲ್ಲಿ ನೀಲಿಯ ಒಂದು ಎಳೆ ಉಳಿದಿತ್ತು.

ಅವಳು ಗಳವನ್ನು ಕೆಸರಿಗೆ ಊರಿ ದೋಣಿ ನಿಲ್ಲಿಸಿದಳು. ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು.

ಅಪ್ಪ ಕೈ ಚಾಚಿ ಆ ಬೋರಲು ದೋಣಿಯ ಎತ್ತರದ ಜಾಗವನ್ನು ಮುಟ್ಟಿದ. ಅಲ್ಲಿ ಹಿಕ್ಕೆ ಇತ್ತು. ಒಂದಲ್ಲ, ಎಷ್ಟೋ. ಹಳೆಯದು ಬಿಳಿಚಿ ಪುಡಿಯಾಗಿತ್ತು. ಅದರ ಮೇಲೆ ಹೊಸದು ಕಪ್ಪಗೆ, ಒದ್ದೆಯಾಗಿತ್ತು, ಅದರಲ್ಲಿ ಮೀನಿನ ಪೊರೆ ಬಿಸಿಲಿಗೆ ಮಿನುಗುತ್ತಿತ್ತು. ಅಪ್ಪ ಚಿಟಿಕೆಯಷ್ಟು ತೆಗೆದು ಮೂಗಿನ ಹತ್ತಿರ ಹಿಡಿದ. ಹಿಂದಕ್ಕೆ ತಿರುಗದೆ ಅವಳತ್ತ ಕೈ ನೀಡಿದ. ಅವಳು ಬಾಗಿ ಮೂಸಿದಳು. ಮೀನು, ಹಸಿಹುಲ್ಲು.

"ಇವತ್ತಿನದೇ," ಎಂದ. "ಸಣ್ಣ ಸಣ್ಣದೂ ಇದೆ ನೋಡು. ಮರಿಗಳದ್ದು."

ಅವಳು ಜೇಬಿನಿಂದ ಫೋನು ತೆಗೆದು ಫೋಟೋ ಹಿಡಿದಳು, ಜಾಗದ ಗುರುತು ಹಾಕಿದಳು. ಆಗ ದೋಣಿಯ ಮುಂದುಗಡೆಯಿಂದ ನಾಲಿಗೆ ಲೊಚಗುಟ್ಟಿದ ಸದ್ದು ಬಂತು. ಅದರ ಹಿಂದೆಯೇ ಒಂದು ದನಿ. ತುಸು ಒಡಕು, ತುಸು ರಾಗ, ಹುಸಿಮುನಿಸು. ಚಿಕ್ಕಂದಿನ ಆ ಜ್ವರದ ದಿನದ ಮೇಲೆ ಅವಳು ಕೇಳದಿದ್ದ ದನಿ.

"ಅಲ್ಲ ಬಾವಾ, ಬಣ್ಣ ಬಳಿದು ಇನ್ನೂ ಆರಿಲ್ಲ. ಹೆಂಡ್ತಿ ಮಕ್ಕಳ ಸಮೇತ ಬಂದು ಹೆಂಗೆ ಹೇಸಿಗೆ ಮಾಡಿಟ್ಟಿವೆ ನೋಡು. ಕಾಲು ತೊಳ್ಕೊಂಡು ಹತ್ತಿ ಅಂತ ಒಂದು ಮಾತು ನೀನಾದ್ರೂ ಹೇಳಬಾರದಾ?"

ಜೊಂಡು ಅಲ್ಲಾಡಲಿಲ್ಲ. ಅಪ್ಪ ಬೊಗಸೆಯಲ್ಲಿ ನೀರು ತೆಗೆದು ಹಲಗೆಯ ಮೇಲೆ ಸುರಿದ. ಹಿಕ್ಕೆಗೆ ಒಂದು ಹನಿಯೂ ತಾಗದಂತೆ, ಅದರ ಪಕ್ಕದ ಕೆಸರನ್ನು ಅಂಗೈಯಿಂದ ಮೆಲ್ಲಗೆ ಒರೆಸತೊಡಗಿದ. ಅವಳು ಗಳವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಳು. ಅವನ ಕೈಯ ಕೆಳಗೆ ಅಂಗೈಯಗಲದ ನೀಲಿ ಸ್ವಲ್ಪ ಸ್ವಲ್ಪವಾಗಿ ಎದ್ದು ಬಂತು.